ಟ್ರಿಣ್ಣಕ್ಕನ ಮಂಡಿಗೆ ರಕ್ತದ ಕೆನೆ

ಆ ಬೀದಿಯವರಿಗೆ ಬೆಳಗಾಗುವುದು ಸೈಕಲ್ಲಿನ ಗಂಟೆ ಕೇಳಿದ ಮೇಲೆ. ಸೂರ್ಯ ಬಂದರೂ ಸರಿ, ಮೋಡದ ಹಿಂದೆ ಮುಖ ಮುಚ್ಚಿಕೊಂಡು ಮಲಗಿದರೂ ಸರಿ. ಎರಡು ಗಿಡ್ಡ ಟ್ರಿಣ್, ಒಂದು ಉದ್ದನೆಯ ಟ್ರಿಣ್ಣ್ ಕೇಳಿತೋ, ಬಾಗಿಲುಗಳು ತೆರೆದುಕೊಳ್ಳುತ್ತಿದ್ದವು, ಕೈಗಳು ಪಾತ್ರೆ ಹಿಡಿದು ಹೊರಗೆ ಬರುತ್ತಿದ್ದವು. ಸೈಕಲ್ಲಿನ ಎರಡೂ ಪಕ್ಕಕ್ಕೆ ಹಾಲಿನ ಕ್ಯಾನು ಕಟ್ಟಿಕೊಂಡು, ತಲೆಗೊಂದು ಬಟ್ಟೆ ಬಿಗಿದುಕೊಂಡು ಬರುವ ಹೆಂಗಸಿಗೆ ಅವಳ ಮನೆಯವರು ಇಟ್ಟ ಹೆಸರು ಬೇರೆ ಇತ್ತು. ಅದು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಟ್ರಿಣ್ಣಕ್ಕ.

ಹಾಲಿನಂಗಡಿ ಅವಳ ಗಂಡನ ಮನೆಯದು. ಅದನ್ನು ನಡೆಸುವವರು ದೊಡ್ಡತ್ತೆ, ಅಂದರೆ ಗಂಡನನ್ನು ಸಾಕಿ ಬೆಳೆಸಿದ ಅವನ ಸೋದರತ್ತೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೆನೆ ತೆಗೆಯುವ ಕೈಯಂತ್ರವಿತ್ತು. ಮೇಲಿನ ಬಟ್ಟಲಿಗೆ ಹಾಲು ಸುರಿದು ಹಿಡಿಕೆ ತಿರುಗಿಸಿದರೆ ಯಂತ್ರ ಗುಂಯ್ ಎಂದು ಹಾಡಲು ಶುರುಮಾಡುತ್ತಿತ್ತು. ಒಂದು ಮೂತಿಯಿಂದ ಕೆನೆ, ಇನ್ನೊಂದು ಮೂತಿಯಿಂದ ತೆಳು ಹಾಲು. ಹಾಡು ಯಾವಾಗ ಸರಿಯಾದ ಸ್ವರಕ್ಕೆ ಬಂತು ಎಂದು ದೊಡ್ಡತ್ತೆ ಕಣ್ಣು ಮುಚ್ಚಿಯೇ ಹೇಳುತ್ತಿದ್ದರು. ಹಾಲಿನ ವಿಷಯದಲ್ಲಿ ಅವರ ಮಾತು ಮೀರುವವರು ಆ ಮನೆಯಲ್ಲಿ ಹುಟ್ಟಿರಲೂ ಇಲ್ಲ, ಮದುವೆಯಾಗಿ ಬಂದಿರಲೂ ಇಲ್ಲ.

ಟ್ರಿಣ್ಣಕ್ಕನಿಗೆ ಮನೆಯೂ ಇಷ್ಟ, ಮನೆಯವರೂ ಇಷ್ಟ. ಆದರೆ ಸೈಕಲ್ ಹತ್ತಿದ ಆ ಬೆಳಗಿನ ಹೊತ್ತಿದೆಯಲ್ಲ, ಅದು ಪೂರ್ತಿ ಅವಳದು. ಆಗ ಅವಳು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಗಾಳಿ ಎದುರಿಗೆ ಬಂದು ಕೆನ್ನೆ ತಟ್ಟುತ್ತಿತ್ತು, ಇಳಿಜಾರಿನಲ್ಲಿ ಕ್ಯಾನುಗಳು ತಮ್ಮತಮ್ಮಲ್ಲೇ ಹರಟೆ ಹೊಡೆಯುತ್ತಿದ್ದವು.

ಹೀಗಿರುವಾಗ ಒಂದು ದಿನ, ತೊಳೆದ ನೆಲ ಒಣಗುವ ಮೊದಲೇ ತುಂಬಿದ ಕ್ಯಾನು ಎತ್ತಿಕೊಂಡು ಹೊರಟಳು. ಪಾದ ಅಲ್ಲೇ ಉಳಿಯಿತು, ಮೈ ಮಾತ್ರ ತಿರುಗಿತು. ಒಳಗೆ ಏನೋ ಲಟಕ್ ಎಂದಿತು, ಅವಳು ನೆಲಕ್ಕೆ ಬಿದ್ದಳು. ಮಂಡಿಯ ಎರಡು ಮೂಳೆಗಳ ನಡುವೆ ಮೆತ್ತೆಯ ಹಾಗೆ ಕೂತಿರುವ ಭಾಗ ಹರಿದಿದೆ ಎಂದು ಡಾಕ್ಟರಮ್ಮ ಹೇಳಿದರು. ಆಪರೇಷನ್ ಮಾಡಿ ಹೊಲಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಮಂಡಿ ಮಾತ್ರ ಮದುವೆಗೆ ಕರೆಯದೆ ಬಿಟ್ಟ ನೆಂಟನ ಹಾಗೆ ಮುನಿಸಿಕೊಂಡೇ ಉಳಿಯಿತು. ಇವತ್ತು ಊತ ಇಳಿದರೆ ನಾಳೆ ಮತ್ತೆ ಏರುತ್ತಿತ್ತು. ವಾರಗಳು ಉರುಳಿದವು. ಸೈಕಲ್ ಗೋಡೆಗೆ ಒರಗಿ ನಿಂತಿತ್ತು. ಅದರ ಗಂಟೆಯಿಂದ ಕಿಟಕಿಯವರೆಗೆ ಜೇಡವೊಂದು ನೂಲು ಎಳೆದಿತ್ತು.

ಹಾಲು ಹಂಚಲು ಗಂಡ ಬೇರೊಂದು ಸೈಕಲ್ ಹತ್ತಿ ಹೊರಟ. ಪಾಪ, ಬೆಣ್ಣೆ ಕಡೆಯುವುದರಲ್ಲಿ ನಿಸ್ಸೀಮ, ಸೈಕಲ್ಲಿನಲ್ಲಿ ಅಷ್ಟಕ್ಕಷ್ಟೆ. ಅವನು ಗಂಟೆ ಹೊಡೆದರೆ ಒಂದು ಬಾಗಿಲೂ ತೆರೆಯುತ್ತಿರಲಿಲ್ಲ. ನಿನ್ನ ಗಂಟೆಗೆ ಜ್ವರ ಬಂದಿದೆಯೇನೋ ಎಂದು ಮೂಲೆಮನೆಯ ದರ್ಜಿ ಕೇಳಿದ್ದನ್ನು ಅವನೇ ಬಂದು ಹೇಳಿ ನಕ್ಕ. ಟ್ರಿಣ್ಣಕ್ಕನೂ ನಕ್ಕಳು, ಆಮೇಲೆ ಗೋಡೆಯ ಕಡೆ ತಿರುಗಿಕೊಂಡಳು.

ಅಷ್ಟರಲ್ಲಿ ಸೇತುವೆಯಾಚೆಯ ದೊಡ್ಡ ಡೈರಿಯವರು ಹೇಳಿಕಳಿಸಿದರು: ನಿಮ್ಮ ಬೀದಿಗಳಿಗೆ ನಾವೇ ವ್ಯಾನಿನಲ್ಲಿ ಹಾಲು ಹಂಚುತ್ತೇವೆ, ನೀವು ಅಂಗಡಿ ನೋಡಿಕೊಳ್ಳಿ. ದೊಡ್ಡತ್ತೆ ಯೋಚಿಸಿ, ಚಳಿ ಮುಗಿಯುವವರೆಗೆ ಕಾಯಿರಿ ಎಂದರು. ಅಷ್ಟರೊಳಗೆ ಸೊಸೆ ಸೈಕಲ್ ಹತ್ತಿದರೆ ಸರಿ, ಇಲ್ಲದಿದ್ದರೆ ಹಾಲು ಹಂಚುವ ದಾರಿ ವ್ಯಾನಿಗೆ. ಅವರು ಕೆಟ್ಟವರಾಗಿ ಹೇಳಲಿಲ್ಲ, ಬೇರೆ ದಾರಿ ಕಾಣದೆ ಹೇಳಿದರು. ಟ್ರಿಣ್ಣಕ್ಕನಿಗೆ ಮಾತ್ರ ಎದೆಯ ಮೇಲೆ ತುಂಬಿದ ಕ್ಯಾನು ಇಟ್ಟ ಹಾಗಾಯಿತು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಹೊಸದೊಂದು ಮಾತು ಹೇಳಿದರು. ನಿನ್ನದೇ ರಕ್ತದಿಂದ ತಯಾರಿಸುವ ಇಂಜೆಕ್ಷನ್ ಒಂದಿದೆ, ಪಿಆರ್‌ಪಿ ಅನ್ನುತ್ತಾರೆ, ವಾಸಿಯಾಗಲು ನೆರವಾಗಬಹುದು, ಯೋಚಿಸಿ ಹೇಳು ಎಂದರು. ಟ್ರಿಣ್ಣಕ್ಕ ಊರುಗೋಲು ಟಕಟಕ ಎನ್ನಿಸುತ್ತ, ಗಂಡನಿಗಿಂತ ಮುಂದೆ ಮನೆ ಸೇರಿದಳು.

ದೊಡ್ಡತ್ತೆ ಪೂರ್ತಿ ಕೇಳಿಸಿಕೊಂಡರು. ಕೈಯಲ್ಲಿದ್ದ ಸೋಸುವ ಬಟ್ಟೆ ಹಿಂಡಿದರು.

"ನಿನ್ನ ರಕ್ತ ತೆಗೆದು ನಿನಗೇ ಚುಚ್ತಾರಾ? ಇದೊಳ್ಳೆ ವ್ಯಾಪಾರ. ನಮ್ಮ ಹಾಲನ್ನ ನಮ್ಮ ಬಾಗಿಲಿಗೇ ತಂದು ಮಾರಿದ ಹಾಗಾಯ್ತು."

ಗಂಡ ಬೆಣ್ಣೆ ಕಡೆಯುವ ಪೀಪಾಯಿಯ ಹಿಂದೆ ಮುಖ ಮರೆಸಿಕೊಂಡ. ಅವನಿಗೆ ನಗು ಬಂದಿತ್ತು, ಭಯವೂ ಆಗಿತ್ತು.

ಆ ಸಂಜೆ ಬೆಣ್ಣೆ ಕೊಳ್ಳಲು ಬಂದವಳು ಎದುರುಮನೆಯ ಮಹಡಿಯಲ್ಲಿರುವ ಫಿಸಿಯೋಥೆರಪಿ ಮೇಡಂ. ಆಸ್ಪತ್ರೆಯಲ್ಲಿ ಕೈಕಾಲಿಗೆ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ಯಾರೇ ಕಾಲೆತ್ತಲಿ, ಕೈಯೆತ್ತಲಿ, ಅವಳ ಬಾಯಿಂದ ಬರುವುದು ಒಂದೇ ಮಾತು, "ಇನ್ನೊಂದ್ಸಲ". ಹಾಗಾಗಿ ಬೀದಿಯಲ್ಲೆಲ್ಲ ಅವಳಿಗೆ ಅದೇ ಹೆಸರು. ಟ್ರಿಣ್ಣಕ್ಕನ ಮಂಡಿಯನ್ನು ಮೊದಲಿನಿಂದ ನೋಡಿಕೊಳ್ಳುತ್ತಿದ್ದವಳೂ ಅವಳೇ.

ದೊಡ್ಡತ್ತೆಯ ಸಿಟ್ಟು ಕೇಳಿ ಇನ್ನೊಂದ್ಸಲ ಮೇಡಂ ವಾದಕ್ಕೆ ನಿಲ್ಲಲಿಲ್ಲ. ಸೀದಾ ಕೈಯಂತ್ರದ ಹತ್ತಿರ ಹೋಗಿ, ಇದು ಏನು ಮಾಡುತ್ತದೆ ಎಂದು ಕೇಳಿದಳು.

"ಅಯ್ಯೋ ತಾಯಿ, ಮೂರು ಹೊತ್ತೂ ನಮ್ಮ ಬೆಣ್ಣೆ ತಿಂತೀಯ, ಇಷ್ಟೂ ಗೊತ್ತಿಲ್ವ? ಜೋರಾಗಿ ತಿರುಗಿಸಿದ್ರೆ ಭಾರದ್ದು ಒಂದು ಕಡೆ ಸರಿಯುತ್ತೆ, ಹಗುರದ್ದು ಒಂದು ಕಡೆ ಉಳಿಯುತ್ತೆ."

"ಆಸ್ಪತ್ರೇಲೂ ಅಷ್ಟೇ ದೊಡ್ಡತ್ತೆ. ತೋಳಿಂದ ಸ್ವಲ್ಪ ರಕ್ತ ತಗೊಂಡು ಇಂಥದೇ ಯಂತ್ರದಲ್ಲಿ ತಿರುಗಿಸ್ತಾರೆ. ಕೆಂಪು ಭಾಗ ಕೆಳಗೆ ಕೂರುತ್ತೆ. ಮೇಲೆ ಹಳದಿ ನೀರು ಉಳಿಯುತ್ತೆ. ಅದರಲ್ಲಿ ಪ್ಲೇಟ್‌ಲೆಟ್ ಅಂತ ಪುಟ್ಟ ಪುಟ್ಟ ಕಣ ಇರ್ತವೆ. ಗಾಯ ಆದ ಕಡೆಗೆ ಮೊದಲು ಓಡಿಬರೋದು ಅವೇ. ರಕ್ತ ಕಟ್ಟಿಸಿ, ರಿಪೇರಿ ಮಾಡೋ ಬಳಗಾನೆಲ್ಲ ಕರೀತಾವೆ. ಆ ಕಣ ಜಾಸ್ತಿ ಇರೋ ಭಾಗ ಮಾತ್ರ ತೆಗೆದು ಮಂಡಿಗೆ ಕೊಡ್ತಾರೆ."

ದೊಡ್ಡತ್ತೆಯ ಹುಬ್ಬು ಮೇಲೇರಿತು. ರಕ್ತದ ಕೆನೆ ಅನ್ನು ಹಾಗಾದರೆ, ಎಂದರು. ಆ ಮಾತು ಮನೆಯಲ್ಲಿ ಹಾಗೇ ನಿಂತುಬಿಟ್ಟಿತು.

ಆದರೆ ಮೇಡಂ ಬರೀ ಸಿಹಿ ಮಾತಾಡಿ ಹೋಗುವವಳಲ್ಲ. ಇದು ಮಂತ್ರದಂಡವಲ್ಲ ಎಂದು ಬಿಡಿಸಿ ಹೇಳಿದಳು. ಕೆಲವರಿಗೆ ಒಳ್ಳೆಯದಾಗಿದೆ, ಕೆಲವರಿಗೆ ಏನೂ ವ್ಯತ್ಯಾಸ ಕಂಡಿಲ್ಲ. ಎಷ್ಟರ ಮಟ್ಟಿಗೆ ಉಪಯೋಗ ಅನ್ನುವುದರಲ್ಲಿ ಡಾಕ್ಟರುಗಳಲ್ಲೇ ಇನ್ನೂ ಒಮ್ಮತವಿಲ್ಲ. ನಮ್ಮದೇ ರಕ್ತವಾದ್ದರಿಂದ ಮೈಗೆ ಒಗ್ಗದೆ ಹೋಗುವುದು ಅಪರೂಪ. ಆದರೂ ಸೂಜಿ ಸೂಜಿಯೇ. ಶುಚಿಯಿಲ್ಲದ ಕಡೆ ಚುಚ್ಚಿಸಿಕೊಂಡರೆ ಸೋಂಕಾಗಬಹುದು. ಒಂದೇ ಇಂಜೆಕ್ಷನ್‌ನಲ್ಲಿ ಹೊಸ ಮಂಡಿ ಎಂದು ಯಾರಾದರೂ ಬೋರ್ಡು ಹಾಕಿದ್ದರೆ ಆ ಕಡೆ ತಲೆ ಹಾಕಿಯೂ ಮಲಗಬೇಡಿ ಎಂದಳು.

ಇಷ್ಟೆಲ್ಲ ಕೇಳಿದ ಮೇಲೂ ಟ್ರಿಣ್ಣಕ್ಕನ ಕಣ್ಣು ಹೊಳೆಯುತ್ತಲೇ ಇತ್ತು. ನೆರವಾಗಬಹುದು ಅಂದರಲ್ಲ, ಅಷ್ಟು ಸಾಕು, ನಾನು ಮಾಡಿಸಿಕೊಳ್ಳುತ್ತೇನೆ ಎಂದಳು. ದೊಡ್ಡತ್ತೆ ಕೈಯಂತ್ರದ ಹಿಡಿಕೆಯನ್ನು ಒಮ್ಮೆ ತಿರುಗಿಸಿ ನೋಡಿದರು. ಆಮೇಲೆ, ಆ ಯಂತ್ರ ನಾನೂ ನೋಡಬೇಕು ಎಂದರು.

ಹೋದ ಮೊದಲ ದಿನ ಬರಿಗೈಯಲ್ಲಿ ಬರಬೇಕಾಯಿತು. ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀ ಎಂದು ಡಾಕ್ಟರಮ್ಮ ಕೇಳಿದಾಗ ಗಂಡ ಕೆಮ್ಮಿದ. ಹೆಂಡತಿಯ ನರಳಾಟ ನೋಡಲಾರದೆ ಔಷಧಿ ಅಂಗಡಿಯಿಂದ ತಾನೇ ನೋವಿನ ಮಾತ್ರೆ ತಂದುಕೊಡುತ್ತಿದ್ದ. ಕೆಲವು ನೋವಿನ ಮಾತ್ರೆಗಳು ಪ್ಲೇಟ್‌ಲೆಟ್‌ಗಳ ಕೈಕಟ್ಟಿಹಾಕುತ್ತವೆ, ಮಾತ್ರೆಯ ಪ್ರಭಾವ ಇಳಿಯಲಿ, ಆಮೇಲೆ ನೋಡೋಣ ಎಂದು ಡಾಕ್ಟರಮ್ಮ ದಿನ ಮುಂದೆ ಹಾಕಿದರು. ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ, ಜ್ವರ ಇದೆಯೇ, ರಕ್ತದ ಕಾಯಿಲೆ ಇದೆಯೇ, ಬಸುರಿಯೇ ಎಂದೆಲ್ಲ ಕೇಳಿದರು. ಯಾವುದೇ ಮಾತ್ರೆಯನ್ನಾದರೂ ಕೇಳದೆ ಶುರು ಮಾಡುವುದೂ ತಪ್ಪು, ಕೇಳದೆ ನಿಲ್ಲಿಸುವುದೂ ತಪ್ಪು ಎಂದರು. ದಾರಿಯುದ್ದಕ್ಕೂ ದೊಡ್ಡತ್ತೆ ಅವಳ ಗಂಡನನ್ನು ಬೈದ ಬೈಗುಳವನ್ನು ಇಲ್ಲಿ ಬರೆಯಲಾಗದು.

ಎರಡನೇ ಸಲ ಎಲ್ಲ ಸರಿಹೋಯಿತು. ಕೋಣೆಯಲ್ಲಿ ಔಷಧಿಯ ವಾಸನೆ. ಮೇಜಿನ ಮೇಲೆ ಮುಚ್ಚಳವಿದ್ದ ಬಿಳಿ ಯಂತ್ರ. ಟ್ರಿಣ್ಣಕ್ಕನ ತೋಳಿನಿಂದ ತೆಗೆದ ರಕ್ತ ಕೊಳವೆಯೊಳಗೆ ಹೋಯಿತು, ಮುಚ್ಚಳ ಬಿತ್ತು, ಯಂತ್ರ ಗುಂಯ್ ಎಂದಿತು. ದೊಡ್ಡತ್ತೆ ಅಭ್ಯಾಸಬಲದಿಂದ ಕಣ್ಣು ಮುಚ್ಚಿದರು. ಇನ್ನೂ ಬಂದಿಲ್ಲ, ಎಂದರು. ನರ್ಸು ಡಾಕ್ಟರಮ್ಮನ ಮುಖ ನೋಡಿದಳು. ಸ್ವರ ಏರಿತು, ಏರಿತು, ಒಂದೇ ಎಳೆಯಾಗಿ ನಿಂತಿತು.

"ಈಗ ಬಂತು ನೋಡಿ," ಎಂದರು ದೊಡ್ಡತ್ತೆ.

ಕೊಳವೆ ಹೊರಗೆ ಬಂದಾಗ ತಳದಲ್ಲಿ ದಟ್ಟ ಕೆಂಪು, ಮೇಲೆ ಒಣಹುಲ್ಲಿನ ಬಣ್ಣದ ತಿಳಿ. ನರ್ಸು ಬೆಳಕಿಗೆ ಹಿಡಿದ ಆ ಕೊಳವೆಯನ್ನೇ ಟ್ರಿಣ್ಣಕ್ಕ ನೋಡಿದಳು. ತನ್ನ ಮೈಯೊಳಗೆ ಇಷ್ಟು ಚೆಂದದ ಬಣ್ಣವೊಂದು ಓಡಾಡಿಕೊಂಡಿತ್ತು, ತನಗೇ ಗೊತ್ತಿರಲಿಲ್ಲ. ಸೂಜಿ ಚುಚ್ಚಿದಾಗ ಉರಿಯಿತು, ಬಿಗಿಯಿತು. ಅವಳು ಹಲ್ಲು ಕಚ್ಚಿಕೊಂಡು ಇಳಿಜಾರಿನ ಗಾಳಿಯನ್ನು ನೆನೆದಳು.

ಡಾಕ್ಟರಮ್ಮ ಹೇಳಿಕಳಿಸಿದ್ದು ಸ್ಪಷ್ಟವಾಗಿಯೇ ಇತ್ತು: ಇವತ್ತು, ನಾಳೆ ಕಾಲಿಗೆ ಆರಾಮ ಕೊಡು. ಸ್ವಲ್ಪ ಊತ, ನೋವು ಬಂದರೆ ಹೆದರಬೇಡ. ಆಮೇಲೆ ಮೇಡಂ ಹೇಳಿಕೊಟ್ಟ ವ್ಯಾಯಾಮ ಮೆಲ್ಲಗೆ ಶುರುಮಾಡು.

ಇಲ್ಲೇ ಎಡವಟ್ಟಾಗಿದ್ದು. ಹಾಲಿನವರಲ್ಲದೆ ಬೇರೆ ಯಾರೂ ಮಾಡಲಾರದ ಎಡವಟ್ಟು.

ಯಂತ್ರ ಬರುವ ಮೊದಲು ದೊಡ್ಡತ್ತೆ ಅಗಲ ಬಾಯಿಯ ಪಾತ್ರೆಗಳಲ್ಲಿ ಹಾಲಿಟ್ಟು ಕೆನೆ ಕಟ್ಟಿಸುತ್ತಿದ್ದವರು. ಆ ಕೋಣೆಯಲ್ಲಿ ಜೋರಾಗಿ ನಡೆಯುವ ಹಾಗಿರಲಿಲ್ಲ, ಬಾಗಿಲು ಬಡಿಯುವ ಹಾಗಿರಲಿಲ್ಲ. ಪಾತ್ರೆ ಅಲುಗಿತೋ, ಕೆನೆ ಒಡೆದು ಕೆಳಗೆ ಬೆರೆಯುತ್ತಿತ್ತು. ಈಗ ಸೊಸೆಯ ಮಂಡಿಯೊಳಗೂ ಕೆನೆಯೇ ಇದೆ ತಾನೆ? ಅದು ಕಟ್ಟಿಕೊಳ್ಳಬೇಡವೇ? ದೊಡ್ಡತ್ತೆ ಅವಳ ಕಾಲಿನ ಆಚೆಗೊಂದು ಈಚೆಗೊಂದು ದಿಂಬಿಟ್ಟರು. ಬೆಣ್ಣೆಪೆಟ್ಟಿಗೆಯ ಹಲಗೆಯನ್ನು ಕಾಲ ಕೆಳಗಿಟ್ಟು ಮೆತ್ತನೆ ಬಟ್ಟೆಯಿಂದ ಕಟ್ಟಿದರು. ಎರಡು ದಿನ ಕಳೆದರೂ ಬಿಚ್ಚಲಿಲ್ಲ. ಇನ್ನೊಂದ್ಸಲ ಮೇಡಂ ಬಾಗಿಲಿಗೆ ಬಂದಾಗಲೆಲ್ಲ, ಈಗಷ್ಟೇ ಕಣ್ಣು ಹತ್ತಿದೆ, ನಾಳೆ ಬಾ ಎಂದು ಪಿಸುಗುಟ್ಟಿ ಕಳಿಸಿದರು.

ಟ್ರಿಣ್ಣಕ್ಕನೂ ಎದುರಾಡಲಿಲ್ಲ. ಅವಳೂ ಆ ಮನೆಯ ಕೆನೆ ಕಂಡವಳೇ. ಮಂಡಿಯೊಳಗೆ ಹೊಂಬಣ್ಣದ ಪದರವೊಂದು ಸದ್ದಿಲ್ಲದೆ ಹರಡುತ್ತಿದೆ, ಹರಿದಲ್ಲಿಗೆಲ್ಲ ಹೊದಿಕೆ ಹೊದಿಸುತ್ತಿದೆ ಎಂದು ಮಲಗಿದಲ್ಲೇ ಕನಸು ಕಂಡಳು. ಸೀನು ಬಂದರೆ ಮೂಗು ಒತ್ತಿ ಹಿಡಿಯುತ್ತಿದ್ದಳು. ಗಂಡ ತಮಾಷೆ ಮಾಡಿದರೆ, ನಗಿಸಬೇಡ, ಕೆನೆ ಒಡೆಯುತ್ತೆ ಎನ್ನುತ್ತಿದ್ದಳು. ಅವನು ತುದಿಗಾಲಲ್ಲಿ ನಡೆದು ನಡೆದು ಸುಸ್ತಾಗಿದ್ದ.

ವಾರ ಕಳೆದ ಮೇಲೆ, ಇನ್ನು ಕಟ್ಟಿರಬೇಕು ಎಂದು ದೊಡ್ಡತ್ತೆ ಬಟ್ಟೆ ಬಿಚ್ಚಿದರು. ಟ್ರಿಣ್ಣಕ್ಕ ಆಸೆಯಿಂದ ಮಂಡಿ ಮಡಿಸಿದಳು.

ಮಡಿಸಲಾಗಲಿಲ್ಲ. ಮೊದಲು ಬಾಗುತ್ತಿದ್ದಷ್ಟೂ ಬಾಗಲಿಲ್ಲ. ಬಾಗಿಲಿಗೆ ಅಡ್ಡ ಹಾಕುವ ಅಗುಳಿಯ ಹಾಗೆ ಸೆಟೆದು ನಿಂತಿತ್ತು. ಅವಳು ಕಿಟಕಿಯಾಚೆ ಗೋಡೆಗೊರಗಿದ ಸೈಕಲ್ಲನ್ನು ಒಮ್ಮೆ ನೋಡಿ, "ದಾರಿ ವ್ಯಾನಿಗೇ ಕೊಟ್ಟುಬಿಡಿ ದೊಡ್ಡತ್ತೆ" ಎಂದಳು.

ಗಂಡ ಚಪ್ಪಲಿ ಕೂಡ ಮೆಟ್ಟದೆ ಎದುರುಮನೆಯ ಮಹಡಿ ಹತ್ತಿದ.

ಮೇಡಂ ಬಂದವಳೇ ಮೊದಲು ಮಂಡಿ ಮುಟ್ಟಿ ನೋಡಿದಳು. ಬಿಸಿಯಿಲ್ಲ, ಕೆಂಪಿಲ್ಲ, ಸೂಜಿ ಹಾಕಿದಲ್ಲಿ ಕೀವಿಲ್ಲ. ಜ್ವರವಿಲ್ಲ. ಮೀನಖಂಡ ಊದಿಲ್ಲ. ಇವುಗಳಲ್ಲಿ ಒಂದಿದ್ದರೂ ಇಲ್ಲಿ ಕೂತು ಮಾತಾಡದೆ ಸೀದಾ ಆಸ್ಪತ್ರೆಗೆ ಓಡಬೇಕಿತ್ತು ಎಂದಳು. ಡಾಕ್ಟರಮ್ಮನಿಗೆ ಫೋನು ಮಾಡಿದಳು. ಅಷ್ಟಾದ ಮೇಲೆ ಹಲಗೆಯನ್ನೂ ಬಟ್ಟೆಯನ್ನೂ ಕೈಗೆತ್ತಿಕೊಂಡು, ಇದೇನು ಎಂದು ಕೇಳಿದಳು.

ದೊಡ್ಡತ್ತೆ ನೆಲ ನೋಡುತ್ತ ಹೇಳಿದರು. "ಕೆನೆ ಕಟ್ಟೋವರೆಗೂ ಪಾತ್ರೆ ಅಲುಗಿಸಬಾರದಲ್ಲ. ಅದಕ್ಕೇ..."

ಮೇಡಂ ನಗಲಿಲ್ಲ. ಅವರ ಪಕ್ಕದಲ್ಲೇ ಕೂತಳು.

"ಸರಿ ದೊಡ್ಡತ್ತೆ. ಕೆನೆ ಕಟ್ಟಿತು ಅಂತಾನೇ ಇಟ್ಕೊಳ್ಳಿ. ಆಮೇಲೆ ಅದನ್ನ ಏನು ಮಾಡ್ತೀರಿ?"

"ಆಮೇಲೆ? ಕಡೀತೀವಿ."

"ಕಡೀದೆ ಹಾಗೇ ಇಟ್ರೆ?"

"ಹಾಗೇ ಇಟ್ರೆ ಹುಳಿ ಬರುತ್ತೆ, ಬೂಷ್ಟು ಹಿಡಿಯುತ್ತೆ. ಹಿಡಿಕೆ ತಿರುಗಿಸದೆ ಬೆಣ್ಣೆ ಎಲ್ಲಿಂದ..."

ದೊಡ್ಡತ್ತೆಯ ಮಾತು ಅಲ್ಲೇ ನಿಂತಿತು. ಅವರು ಸೊಸೆಯ ಮಂಡಿ ನೋಡಿದರು, ಮೂಲೆಯಲ್ಲಿದ್ದ ಬೆಣ್ಣೆಯ ಪೀಪಾಯಿ ನೋಡಿದರು, ಮತ್ತೆ ಮಂಡಿ ನೋಡಿದರು. ಆಮೇಲೆ ಎದ್ದು ಆ ಹಲಗೆಯನ್ನು ಒಲೆಯ ಪಕ್ಕದ ಸೌದೆಗೆ ಸೇರಿಸಿ ಬಂದರು.

ಕೆಲಸ ಶುರುವಾಯಿತು. ಡಾಕ್ಟರಮ್ಮ ಒಪ್ಪಿದಷ್ಟು, ಮೇಡಂ ಹೇಳಿದಷ್ಟು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಯಾವ ನೆಲ ಅವಳನ್ನು ಬೀಳಿಸಿತ್ತೋ ಅದೇ ನುಣುಪು ನೆಲದ ಮೇಲೆ ಟ್ರಿಣ್ಣಕ್ಕ ಕೂತು, ಹಿಮ್ಮಡಿಯ ಕೆಳಗೆ ಬಟ್ಟೆಯಿಟ್ಟುಕೊಂಡು, ಪಾದವನ್ನು ಮೈಯ ಕಡೆಗೆ ಜಾರಿಸುತ್ತಿದ್ದಳು. ಬೆವರು ಹುಬ್ಬಿನ ಮೇಲೆ ನಿಲ್ಲುತ್ತಿತ್ತು. ನೋವು ಇತ್ತು. ಆದರೆ ನಿನ್ನೆಗಿಂತ ಇವತ್ತು ಒಂದು ಬೆರಳಗಲ ಹತ್ತಿರ ಬಂದ ಪಾದ ಕಂಡಾಗ ಅವಳಿಗೆ ನೋವೇ ಮರೆಯುತ್ತಿತ್ತು. ಮೇಡಂ ಆಸ್ಪತ್ರೆಗೆ ಹೋದ ಹೊತ್ತಿನಲ್ಲಿ ಕಾವಲು ದೊಡ್ಡತ್ತೆಯದು. ಪೀಪಾಯಿಯ ಹಿಡಿಕೆ ತಿರುಗಿಸುತ್ತ ಕೂರುತ್ತಿದ್ದರು. ಸೊಸೆ ಕಾಲು ಎಳೆದುಕೊಂಡರೆ ಇತ್ತ ಒಂದು ಸುತ್ತು.

"ಇನ್ನೊಂದ್ಸಲ," ಎನ್ನುತ್ತಿದ್ದರು ದೊಡ್ಡತ್ತೆ.

ಬೀದಿಗೆಲ್ಲ ಕೇಳುತ್ತಿತ್ತು. ಇನ್ನೊಂದ್ಸಲ ಮೇಡಂ ಇಬ್ಬರಾದರು ಎಂದು ದರ್ಜಿ ಎಲ್ಲರಿಗೂ ಸಾರಿದ.

ಬಿಗಿತ ಬಿಡುತ್ತ ಬಂತು. ಊತವೂ ಮೊದಲಿನ ಹಾಗೆ ಮರುಕಳಿಸಲಿಲ್ಲ. ಒಂದು ದಿನ ಮೇಡಂ ಟ್ರಿಣ್ಣಕ್ಕನ ಗಂಡನಿಗೆ ಹೇಳಿ ಅವಳ ಸೈಕಲ್ಲನ್ನು ಒಳಗೆ ತರಿಸಿ, ಹಿಂದಿನ ಚಕ್ರ ನೆಲಕ್ಕೆ ತಾಗದ ಹಾಗೆ ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದಳು. ಜೇಡಕ್ಕೆ ಬೇರೆ ಮನೆ ನೋಡಿಕೊಳ್ಳಲು ಹೇಳಲಾಯಿತು. ಟ್ರಿಣ್ಣಕ್ಕ ಸೀಟಿನ ಮೇಲೆ ಕೂತಳು. ಪೆಡಲ್ ಮುಂದಕ್ಕೆ ಅರ್ಧ ಸುತ್ತು ಹೋಗಿ ಮೇಲೇರುವಲ್ಲಿ ನಿಂತಿತು. ಮಂಡಿ ಅಷ್ಟು ಮಡಿಸಲು ಒಪ್ಪಲಿಲ್ಲ. ಹಿಂದಕ್ಕೆ ಅರ್ಧ, ಮುಂದಕ್ಕೆ ಅರ್ಧ. ತೊಟ್ಟಿಲು ತೂಗಿದ ಹಾಗೆ. ದಿನವೂ ಅಷ್ಟೇ. ಚಳಿ ಆಗಲೇ ಸಡಿಲವಾಗುತ್ತಿತ್ತು. ಹೊದಿಕೆ ಎರಡಿದ್ದದ್ದು ಒಂದಾಗಿತ್ತು. ಬೇಡವಾದದ್ದನ್ನು ಮಡಿಸಿಡುತ್ತ ಅವಳು ವ್ಯಾನು ಬರುವ ದಿನ ಎಣಿಸಿದಳು.

ಒಂದು ಮಧ್ಯಾಹ್ನ, ದೊಡ್ಡತ್ತೆ ಕೆನೆ ಯಂತ್ರ ತಿರುಗಿಸುತ್ತಿದ್ದಾಗ, ಅವಳು ಎಂದಿನಂತೆ ಪೆಡಲ್ ತೂಗುತ್ತಿದ್ದಳು. ಯಂತ್ರದ ಸ್ವರ ಏರುತ್ತಿತ್ತು. ಅವಳು ಆ ಸ್ವರವನ್ನೇ ಕೇಳುತ್ತ ಕೂತಿದ್ದಳು, ಕಾಲಿನ ಮೇಲೆ ಗಮನವೇ ಇರಲಿಲ್ಲ. ಪೆಡಲ್ ಮೇಲಕ್ಕೆ ಬಂತು, ತುದಿಯಲ್ಲಿ ಒಂದು ಕ್ಷಣ ತಡೆಯಿತು, ದಾಟಿತು. ಹಿಂದಿನ ಚಕ್ರ ಗಿರ್ರನೆ ತಿರುಗಿತು. ಪೂರ್ತಿ ಒಂದು ಸುತ್ತು. ಮತ್ತೊಂದು. ಮಗದೊಂದು. ಚಕ್ರದ ಗಾಳಿಗೆ ಪಕ್ಕದಲ್ಲಿ ಒಣಗಹಾಕಿದ್ದ ಸೋಸುವ ಬಟ್ಟೆ ಹಾರಿ ಗಂಡನ ತಲೆಯ ಮೇಲೆ ಕೂತಿತು. ಅವನು ಅದನ್ನು ತೆಗೆಯುವುದನ್ನೂ ಮರೆತು ಬಾಯಿಬಿಟ್ಟು ನಿಂತ. ದೊಡ್ಡತ್ತೆ ಹಿಡಿಕೆ ಬಿಡಲಿಲ್ಲ, ಬಿಟ್ಟರೆ ಕೆನೆ ಕೆಡುತ್ತದೆ. ಹಿಡಿಕೆ ತಿರುಗಿಸುತ್ತಲೇ ಕಣ್ಣೊರೆಸಿಕೊಂಡರು.

ಡಾಕ್ಟರಮ್ಮ ಮಂಡಿಯನ್ನು ಹಿಂದೆ ಮುಂದೆ ಮಾಡಿ, ನಿಲ್ಲಿಸಿ, ನಡೆಸಿ, ಕೊನೆಗೆ ಒಪ್ಪಿಗೆ ಕೊಟ್ಟರು. ಮೊದಮೊದಲು ಅರ್ಧ ಕ್ಯಾನು ಮಾತ್ರ, ಏರು ಬಂದರೆ ಇಳಿದು ತಳ್ಳಬೇಕು. ಇದೆಲ್ಲ ಆ ಇಂಜೆಕ್ಷನ್ ಮಾಡಿದ್ದಾ ಎಂದು ಟ್ರಿಣ್ಣಕ್ಕ ಕೇಳಿದಳು. ಅವರು ಸುಳ್ಳು ಹೇಳಲಿಲ್ಲ. ಹೊಲಿಗೆಗೆ ಒಂದು ಪಾಲು, ಇಂಜೆಕ್ಷನ್‌ಗೂ ಒಂದು ಪಾಲು ಇರಬಹುದು, ನಿನ್ನ ಬೆವರಿಗಂತೂ ದೊಡ್ಡ ಪಾಲು, ತೂಕ ಹಾಕಿ ಬೇರೆ ಮಾಡುವ ಯಂತ್ರ ನಮ್ಮಲ್ಲಿಲ್ಲ ಎಂದರು.

ಚಳಿ ಮುಗಿದ ಬೆಳಿಗ್ಗೆ ಹೇಳಿದ ಮಾತಿನಂತೆ ವ್ಯಾನು ಬಂತು. ಬೀದಿಯ ಅಗಲಕ್ಕೂ ಅಡ್ಡವಾಗಿ ನಿಂತಿತು. ಚಾಲಕ ಇಳಿದು, ಯಾವ ಯಾವ ಮನೆ ತೋರಿಸಿ ಎಂದು ದೊಡ್ಡತ್ತೆಯನ್ನು ಕೇಳಿದ. ದೊಡ್ಡತ್ತೆ ತಲೆ ಒಂದು ಕಡೆ ವಾಲಿಸಿ, ಕಣ್ಣು ಮುಚ್ಚಿಕೊಂಡು ನಿಂತರು.

ವ್ಯಾನಿನ ಹಿಂದಿನಿಂದ ಕೇಳಿತು. ಎರಡು ಗಿಡ್ಡ, ಒಂದು ಉದ್ದ.

ದರ್ಜಿಯ ಬಾಗಿಲು ತೆರೆಯಿತು. ಅದರ ಪಕ್ಕದ್ದು ತೆರೆಯಿತು. ಮಹಡಿಯ ಕಿಟಕಿ ತೆರೆಯಿತು. ಪಾತ್ರೆ ಹಿಡಿದ ಕೈಗಳು ಒಂದೊಂದಾಗಿ ಹೊರಗೆ ಬಂದವು.

"ವ್ಯಾನು ಸ್ವಲ್ಪ ಆಚೆ ತೆಗಿಯಪ್ಪ," ಎಂದರು ದೊಡ್ಡತ್ತೆ. "ನಮ್ಮ ಹಾಲು ಬಂತು."

ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ನಿಮ್ಮ ಮನೆಯಲ್ಲೂ ಮಂಡಿಗೋ ಭುಜಕ್ಕೋ ಆಪರೇಷನ್ ಆಗಿ ಗೋಡೆ ನೋಡುತ್ತ ಮಲಗಿದವರು ಇದ್ದಾರೆಯೇ? ಹಾಗಿದ್ದರೆ ಅವರ ಜೊತೆ ಒಮ್ಮೆ ಡಾಕ್ಟರ ಬಳಿ ಹೋಗಿ. ಅವರದೇ ರಕ್ತದಿಂದ ಮಾಡುವ ಈ ಇಂಜೆಕ್ಷನ್ ಅವರಿಗೆ ಹೊಂದುತ್ತದೆಯೇ, ಅದರಿಂದ ಎಷ್ಟು ನಿರೀಕ್ಷಿಸಬಹುದು ಎಂದು ಸಂಕೋಚವಿಲ್ಲದೆ ಕೇಳಿ. ಎಲ್ಲರಿಗೂ ಬೇಕಾಗುವುದಿಲ್ಲ, ಎಲ್ಲರಿಗೂ ಆಗಿಬರುವುದೂ ಇಲ್ಲ. ಬೇಡ ಎಂದರೆ ಏಕೆಂದು ತಿಳಿದುಕೊಂಡು ಬನ್ನಿ. ಮಾಡಿಸಿಕೊಳ್ಳುವುದಾದರೆ ಶುಚಿಯಾದ ಆಸ್ಪತ್ರೆಯಲ್ಲಿ, ತಿಳಿದವರ ಕೈಯಲ್ಲಿ. ನುಂಗುತ್ತಿರುವ ಮಾತ್ರೆಗಳನ್ನು ಮುಚ್ಚಿಡಬೇಡಿ. ಮನೆಗೆ ಬಂದ ಮೇಲೆ ಜ್ವರ ಬಂದರೆ, ಕೀಲು ಕೆಂಪಾಗಿ ಬಿಸಿಯಾದರೆ, ನೋವು ದಿನೇ ದಿನೇ ಏರಿದರೆ, ಮೀನಖಂಡ ಊದಿದರೆ ತಡಮಾಡದೆ ಹೋಗಿ ತೋರಿಸಿ.

ಡಾಕ್ಟರು ಆರಾಮ ಎಂದಷ್ಟು ದಿನ ಆರಾಮ. ಮಾಡು ಎಂದ ದಿನದಿಂದ ವ್ಯಾಯಾಮ. ಹಾಸಿಗೆಯ ಪಕ್ಕದಲ್ಲಿ ಕೂತು ಹುರಿದುಂಬಿಸುವ ಕೆಲಸ ನಿಮ್ಮದು. ಅದಕ್ಕೆ ಬೇಕಾದ ಮಾತು ನಿಮಗೀಗ ಗೊತ್ತಿದೆ: ಇನ್ನೊಂದ್ಸಲ.